ಹಳೇ ಮೆಟ್ಟು

ದೊಡ್ಡಪ್ಪ ಆ ಕತೆ ಹೇಳುವಾಗ ಒಮ್ಮೆಯೂ ಇಂಗ್ಲೆಂಡಿನ ಡಾರ್ಟ್‌ಮೂರ್ ಅಂದವರಲ್ಲ. ದೇವರಮನೆ ಗುಡ್ಡದ ಆಚೆ ಒಂದು ದೊಡ್ಡ ತೋಟ ಇತ್ತು, ಅದರ ಯಜಮಾನರು ಒಂದು ರಾತ್ರಿ ಊಟಕ್ಕೆ ಮುಂಚೆ ಸಿಗಾರ್ ಹಚ್ಚಿಕೊಂಡು ಮನೆ ಹಿಂದಿನ ದಾರಿಯಲ್ಲಿ ಅಡ್ಡಾಡಲು ಹೋದವರು ವಾಪಸ್ ಬರಲಿಲ್ಲ ಅಂತ ಶುರು ಮಾಡುತ್ತಿದ್ದರು. "ಲಾಟೀನು ಹಿಡ್ಕೊಂಡು ಹೋಗಿ ನೋಡಿದ್ರೆ ಮೈಮೇಲೆ ಒಂದು ಗಾಯ ಇಲ್ಲ. ಮುಖ ಮಾತ್ರ ನೋಡೋ ಹಾಗಿಲ್ಲ." ಅಲ್ಲಿಗೆ ನಿಲ್ಲಿಸಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ನಾವು ಮೂವರು ಮಕ್ಕಳು ಬಚ್ಚಲೊಲೆ ಮುಂದೆ ಕಂಬಳಿ ಹೊದ್ದು ಕೂತಿರುತ್ತಿದ್ದೆವು. ಹೊರಗೆ ಮೂಡಿಗೆರೆಯ ಜುಲೈ ಮಳೆ. ಕರೆಂಟು ಹೋಗಿ ನಾಲ್ಕು ದಿನ ಆಗಿರುತ್ತಿತ್ತು.

"ಹೆಣದಿಂದ ಸ್ವಲ್ಪ ದೂರದಲ್ಲಿ ಹೆಜ್ಜೆ ಗುರುತು ಇತ್ತು."

"ಗಂಡಸಿಂದೋ ಹೆಂಗಸಿಂದೋ ದೊಡ್ಡಪ್ಪ?" ನಮ್ಮಲ್ಲಿ ಯಾರಾದರೂ ಕೇಳಲೇಬೇಕು. ಕೇಳದಿದ್ದರೆ ಕತೆ ಮುಂದೆ ಹೋಗದು.

ಅವರು ಒಲೆಗೆ ಒಂದು ಸೌದೆ ತಳ್ಳಿ, ದನಿ ಇಳಿಸಿ, "ನಾಯಿದು ಕಣ್ರೋ. ಇಷ್ಟಗಲ" ಎಂದು ಅಂಗೈ ಬಿಡಿಸುತ್ತಿದ್ದರು. "ಹೋಗಿ ಮಲಗಿ. ಉಳಿದದ್ದು ನಾಳೆ."

ಕತೆ ಮುಗಿಯಲು ಎಂಟೊಂಬತ್ತು ರಾತ್ರಿ ಬೇಕಾಗುತ್ತಿತ್ತು. ಮಳೆ ರಜೆ ಇದ್ದರೆ ಬೆಳಿಗ್ಗೆ ಅಂಗಳದ ಕೆಸರಿನಲ್ಲಿ ನಮ್ಮ ತನಿಖೆ. ಸತ್ತ ಯಜಮಾನರ ಹೆಜ್ಜೆ ಅರ್ಧ ದಾರಿಯ ನಂತರ ಬದಲಾಗಿತ್ತು, ಅಲ್ಲಿಂದ ಮುಂದೆ ಬರೀ ತುದಿಗಾಲು ಎಂದಿದ್ದರು ದೊಡ್ಡಪ್ಪ. ತುದಿಗಾಲಲ್ಲಿ ಯಾಕೆ ನಡೆದರು? ನಾವು ನಡೆದು ನೋಡಿದೆವು. ಆಮೇಲೆ ಓಡಿ ನೋಡಿದೆವು. ಓಡಿದಾಗ ಹಿಮ್ಮಡಿ ಊರುವುದೇ ಇಲ್ಲ. ಬೆರಳಿನ ಗುಳಿ ಆಳವಾಗಿ ಬೀಳುತ್ತದೆ, ನೋಡುತ್ತಿದ್ದಂತೆ ಅದರಲ್ಲಿ ಕೆಂಪು ನೀರು ತುಂಬಿಕೊಳ್ಳುತ್ತದೆ. ಅಂದರೆ ಅವರು ನಡೆಯುತ್ತಿರಲಿಲ್ಲ, ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದರು. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂಬತ್ತು ವರ್ಷದ ನಾನು ಮೊಣಕಾಲತನಕ ಕೆಸರು ಮಾಡಿಕೊಂಡು ಕಂಡುಹಿಡಿದದ್ದು. ಅಮ್ಮನ ಕೈಲಿ ಬೈಸಿಕೊಂಡದ್ದು ಬೇರೆ ಮಾತು.

ಪಿಯುಸಿಗೆ ಚಿಕ್ಕಮಗಳೂರಿಗೆ ಹೋದಾಗ ಲೈಬ್ರರಿಯಲ್ಲಿ ಬೈಂಡು ಕಿತ್ತ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಆರ್ಥರ್ ಕಾನನ್ ಡಾಯ್ಲ್ ಬರೆದ ‘ದಿ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’. ಎರಡನೇ ಅಧ್ಯಾಯದ ಕೊನೆಗೆ ಡಾಕ್ಟರ್ ಮಾರ್ಟಿಮರ್, ಹೆಚ್ಚುಕಡಿಮೆ ಪಿಸುಮಾತಿನಲ್ಲಿ, ಅವು ಒಂದು ಭಾರೀ ಬೇಟೆನಾಯಿಯ ಹೆಜ್ಜೆಗಳು ಎಂದು ಪತ್ತೇದಾರ ಷರ್ಲಾಕ್ ಹೋಮ್ಸ್‌ಗೆ ಹೇಳುತ್ತಾನೆ. ಅಲ್ಲೂ ದನಿ ಇಳಿಯುತ್ತದೆ! ಅಲ್ಲೂ ಹೋಮ್ಸ್ ಮೊದಲು ಕೇಳುವುದು ಗಂಡಸಿಂದೋ ಹೆಂಗಸಿಂದೋ ಅಂತ. ನನಗೆ ಮೊದಲು ಬಂದ ಯೋಚನೆ, ನಮ್ಮ ಗುಡ್ಡದ ಕತೆಯನ್ನು ಇಂಗ್ಲಿಷಿನವರು ಕದ್ದಿದ್ದಾರೆ ಎಂಬುದು. ನಿಜ ತಿಳಿಯಲು ಇನ್ನೆರಡು ಪುಟ ಬೇಕಾಯಿತು.

ಆ ಶನಿವಾರ ಊರಿಗೆ ಬಂದವನೇ ದೊಡ್ಡಪ್ಪನನ್ನು ಹಿಡಿದುಕೊಂಡೆ. ಅವರು ಎಸ್ಟೇಟ್ ಒಂದರಲ್ಲಿ ರೈಟರ್ ಆಗಿದ್ದವರು. "ಹೂಂ, ಬಂಗಲೆ ಕಪಾಟಲ್ಲಿತ್ತು, ದೊರೆಗಳ ಕಾಲದ್ದು. ಮಳೆಗಾಲದಲ್ಲಿ ಹಾಜರಿ ಬರ್ದಾದ್ಮೇಲೆ ಮಾಡೋದೇನು? ಓದ್ದೆ." ಅಷ್ಟೇ. ಇಷ್ಟು ವರ್ಷ ನಮ್ಮನ್ನು ಯಾಮಾರಿಸಿದ್ದಕ್ಕೆ ಮುಖದಲ್ಲಿ ಒಂದು ಚೂರು ಅಳುಕಿಲ್ಲ.

ಕತೆಯ ಹಿಂದಿನ ಕತೆ ಹಲವರಿಗೆ ಗೊತ್ತಿರುತ್ತದೆ. ಡಾಯ್ಲ್‌ಗೆ ಹೋಮ್ಸ್ ಸಾಕಾಗಿ ಹೋಗಿ 1893ರಲ್ಲಿ ಅವನನ್ನು ರೈಷನ್‌ಬಾಕ್ ಜಲಪಾತಕ್ಕೆ ಬೀಳಿಸಿದ್ದರು. ಓದುಗರು ಬಿಡಬೇಕಲ್ಲ. ಎಂಟು ವರ್ಷ ಆದಮೇಲೆ, ಇದು ಹೋಮ್ಸ್ ಸಾಯುವ ಮುಂಚಿನ ಪ್ರಸಂಗ ಎಂಬಂತೆ ಈ ಕಾದಂಬರಿ ಬಂತು. ‘ಸ್ಟ್ರ್ಯಾಂಡ್’ ಮಾಸಿಕದಲ್ಲಿ ಆಗಸ್ಟ್ 1901ರಿಂದ ಏಪ್ರಿಲ್ 1902ರವರೆಗೆ, ಒಂಬತ್ತು ಕಂತು. ದೊಡ್ಡಪ್ಪನ ಲೆಕ್ಕವೂ ಸುಮಾರು ಅಷ್ಟೇ. ಎಲ್ಲಿ ನಿಲ್ಲಿಸಿ ಮಲಗಲು ಕಳಿಸಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಪುಸ್ತಕ ಓದುತ್ತಾ ಹೋದ ಹಾಗೆ ದೊಡ್ಡಪ್ಪ ಏನೇನು ಬದಲಿಸಿದ್ದರು ಎಂಬುದು ಒಂದೊಂದಾಗಿ ಬಯಲಾಯಿತು. ಗ್ರಿಂಪೆನ್ ಮೈರ್ ಎಂಬ ಭಯಂಕರ ಜೌಗು ಅವರಲ್ಲಿ ಹಡ್ಲು ಆಗಿತ್ತು. ಕುದುರೆಮರಿ ಮುಳುಗುವ ಜಾಗದಲ್ಲಿ ಎಮ್ಮೆಕರು ಮುಳುಗುತ್ತಿತ್ತು. ಡಾರ್ಟ್‌ಮೂರ್‌ನಲ್ಲಿ ಆದಿಮಾನವರು ಕಟ್ಟಿದ ಕಲ್ಲುಗುಡಿಸಲುಗಳಿವೆ, ಹೋಮ್ಸ್ ಯಾರಿಗೂ ಹೇಳದೆ ಅಂಥದ್ದೊಂದರಲ್ಲಿ ಅಡಗಿರುತ್ತಾನೆ. ನಮ್ಮ ಕಡೆ ಹಳೇ ಕಲ್ಲುಚಪ್ಪಡಿಯ ಗೂಡು ಕಂಡರೆ ಪಾಂಡವರ ಮನೆ ಅಂತಾರಲ್ಲ, ದೊಡ್ಡಪ್ಪನ ಪತ್ತೇದಾರ ಕೂತದ್ದು ಅಲ್ಲೇ. ಇನ್ನು ಆ ಎಚ್ಚರಿಕೆ ಪತ್ರ. ಪುಸ್ತಕದಲ್ಲಿ ಅದನ್ನು ‘ಟೈಮ್ಸ್’ ಪತ್ರಿಕೆಯಿಂದ ಪದಗಳನ್ನು ಕತ್ತರಿಸಿ ಅಂಟಿಸಿರುತ್ತಾರೆ, ‘ಮೂರ್’ (ಪಾಳು ಬಯಲು) ಎಂಬ ಒಂದು ಪದ ಮಾತ್ರ ಶಾಯಿಯಲ್ಲಿ ಬರೆದದ್ದು, ಯಾಕೆಂದರೆ ಆ ಪದ ಪತ್ರಿಕೆಯಲ್ಲಿ ಸಿಗಲಿಲ್ಲ. ದೊಡ್ಡಪ್ಪನ ಕತೆಯಲ್ಲಿ ‘ಪ್ರಜಾವಾಣಿ’ ಕತ್ತರಿಸಿದ್ದರು, ‘ಹಡ್ಲು’ ಎಂಬ ಪದ ಮಾತ್ರ ಕೈಯಲ್ಲಿ ಬರೆದದ್ದು. "ಪೇಪರಿನೋರಿಗೆ ಹಡ್ಲು ಅಂದ್ರೆ ಏನು ಗೊತ್ತು?" ಎಂದು ಒಂದು ಗುದ್ದು ಬೇರೆ. ಈಗಲೂ ಪೇಪರ್ ಓದುವಾಗ ನನ್ನ ಕಣ್ಣು ಆ ಪದ ಹುಡುಕುತ್ತದೆ.

ಇಷ್ಟೆಲ್ಲ ಬದಲಿಸಿದ ಮನುಷ್ಯ ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಮೆಟ್ಟು.

ಸತ್ತವರ ಆಸ್ತಿಗೆ ವಾರಸುದಾರ ಸರ್ ಹೆನ್ರಿ, ದೂರದ ಕೆನಡಾದಿಂದ ಬಂದು ಲಂಡನ್ನಿನ ಹೋಟೆಲೊಂದರಲ್ಲಿ ಇಳಿದಿರುತ್ತಾನೆ. ಪಾಲಿಶಿಗೆ ಅಂತ ಬಾಗಿಲ ಹೊರಗೆ ಇಟ್ಟ ಬೂಟುಗಳಲ್ಲಿ ಒಂದು ಕಾಣೆಯಾಗುತ್ತದೆ. ಒಂದೇ ಒಂದು. ಅದೂ ಆರು ಡಾಲರ್ ಕೊಟ್ಟು ಕೊಂಡ ಹೊಚ್ಚ ಹೊಸದು, ಇನ್ನೂ ಕಾಲಿಗೆ ಹಾಕಿಲ್ಲ. ಮರುದಿನ ಹಳೆಯ ಕಪ್ಪು ಬೂಟಿನಲ್ಲಿ ಒಂದು ಮಾಯ. ಆಮೇಲೆ ನೋಡಿದರೆ ಹೊಸದು ಅದೇ ಕೋಣೆಯ ಬೀರು ಕೆಳಗೆ ಬಿದ್ದಿದೆ! ಹೊಸದನ್ನು ವಾಪಸ್ ಇಟ್ಟು ಹಳೆಯದನ್ನು ಹೊತ್ತೊಯ್ಯುವ ಕಳ್ಳ ಎಂಥವನು? ಓದುವವರು ನಕ್ಕು ಮುಂದೆ ಹೋಗುತ್ತಾರೆ. ನಾಯಿ ಸಾಕಿದವರು ನಗಬಾರದು. ನಮ್ಮ ಮನೆಯ ಕರಿಯ ಎಂದಾದರೂ ನೆಂಟರ ಹೊಸ ಚಪ್ಪಲಿ ಕಚ್ಚಿದ್ದುಂಟಾ? ಅವನಿಗೆ ಬೇಕಾದ್ದು ದೊಡ್ಡಪ್ಪನ ಹಳೇ ಮೆಟ್ಟು. ಹಿಮ್ಮಡಿ ಸವೆದು, ಬೆವರು ಕುಡಿದು, ಅಂಗಾಲಿನ ಅಚ್ಚು ಕರ್ರಗೆ ಕೂತಿದ್ದ ಮೆಟ್ಟು. ಅದನ್ನು ತಲೆ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಹೊಸ ಮೆಟ್ಟಿಗೆ ಅಂಗಡಿಯ ವಾಸನೆ. ಹಳೇ ಮೆಟ್ಟಿಗೆ ಮನುಷ್ಯನ ವಾಸನೆ.

ಇಡೀ ಕತೆಯ ಬೀಗ ಇರುವುದು ಅಲ್ಲಿ. ಆ ಮನೆತನಕ್ಕೆ ದೆವ್ವದ ನಾಯಿಯ ಶಾಪ ಇದೆ ಅಂತ ಜನರ ನಂಬಿಕೆ. ದೆವ್ವದ ನಾಯಿಗೆ ವಾಸನೆ ಹಿಡಿಯುವ ಕೆಲಸ ಇಲ್ಲ. ಹಳೇ ಬೂಟು ಬೇಕು ಎಂದರೆ ಎಲ್ಲೋ ಒಂದು ನಿಜವಾದ ನಾಯಿ ಇದೆ, ಅದಕ್ಕೆ ವಾಸನೆ ತೋರಿಸುವವನೊಬ್ಬ ಇದ್ದಾನೆ. ಲಂಡನ್ನಿನ ಹೋಟೆಲಿನಲ್ಲಿ, ಇನ್ನೂ ಆ ಜೌಗು ನೆಲಕ್ಕೆ ಕಾಲಿಡುವ ಮೊದಲೇ, ಶಾಪ-ಗೀಪ ಏನೂ ಇಲ್ಲ ಎಂಬುದು ನಮ್ಮ ಕೈಗೆ ಬಂದಿರುತ್ತದೆ. ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಕೊನೆಗೆ ಕೊಲೆಗಾರ ಸ್ಟೇಪಲ್‌ಟನ್ ಜೌಗಿನಲ್ಲಿ ಮಾಯವಾದ ಮೇಲೆ, ಅವನು ಓಡಿಹೋದ ದಾರಿಯಲ್ಲಿ ಸಿಗುವ ಏಕೈಕ ಗುರುತೂ ಆ ಬೂಟೇ. ಅದನ್ನು ಎತ್ತಲು ಹೋಗಿ ಹೋಮ್ಸ್ ಸೊಂಟದವರೆಗೆ ಹೂತುಹೋಗುತ್ತಾನೆ.

ಈಗ ಸಿನಿಮಾಕ್ಕೆ ಬರುತ್ತೇನೆ. ಹೋದ ಮಳೆಗಾಲದಲ್ಲಿ ನಾನು, ಒಂಬತ್ತನೇ ಕ್ಲಾಸಿನ ಮಗಳು, ಈಗ ಎಂಬತ್ತು ದಾಟಿದ ದೊಡ್ಡಪ್ಪ, ಮೂವರೂ ಕೂತು ಈ ಕಾದಂಬರಿಯ 1959ರ ಚಿತ್ರ ನೋಡಿದೆವು. ಹ್ಯಾಮರ್ ಕಂಪನಿಯದ್ದು, ಟೆರೆನ್ಸ್ ಫಿಷರ್ ನಿರ್ದೇಶನ. ಹೋಮ್ಸ್ ಬಣ್ಣದಲ್ಲಿ ಕಾಣಿಸಿಕೊಂಡ ಮೊದಲ ಚಿತ್ರ. ಪೀಟರ್ ಕುಶಿಂಗ್ ಹೋಮ್ಸ್, ಆಂಡ್ರೆ ಮೊರೆಲ್ ಅವನ ಗೆಳೆಯ ಡಾಕ್ಟರ್ ವಾಟ್ಸನ್, ಕ್ರಿಸ್ಟೋಫರ್ ಲೀ ಸರ್ ಹೆನ್ರಿ. ಇದನ್ನು ಹೊಗಳುವವರು ಜಾಸ್ತಿ ಇದ್ದಾರೆ. ನಾನೇ ಆಸೆ ಹುಟ್ಟಿಸಿ ಕೂರಿಸಿದ್ದೆ.

ಕುಶಿಂಗ್ ತಪ್ಪಿಲ್ಲ. ಚೂಪು ಮೂಗು, ಚೂಪು ಮಾತು, ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗದ ಚಡಪಡಿಕೆ, ಎಲ್ಲ ಸರಿ. ಮೊರೆಲ್ ಇನ್ನೂ ಒಂದು ಕೈ ಮೇಲು. 1939ರ ಚಿತ್ರದಲ್ಲಿ ನೈಜಲ್ ಬ್ರೂಸ್ ವಾಟ್ಸನ್‌ನನ್ನು ಪೆದ್ದು ಮಾವನ ಥರ ಮಾಡಿಟ್ಟಿದ್ದರು, ಇಲ್ಲಿ ಅವನು ಯುದ್ಧ ನೋಡಿ ಬಂದ ಡಾಕ್ಟರಂತೆಯೇ ಇದ್ದಾನೆ. ಕಾದಂಬರಿಯಲ್ಲಿ ನಡುವಿನ ಐದಾರು ಅಧ್ಯಾಯ ಹೋಮ್ಸ್ ಕಣ್ಣಿಗೇ ಬೀಳುವುದಿಲ್ಲ, ಎಲ್ಲ ಹೊರೆ ವಾಟ್ಸನ್ ಮೇಲೆ. ಆದ್ದರಿಂದ ಒಳ್ಳೆ ವಾಟ್ಸನ್ ಸಿಕ್ಕಿದ್ದು ಭಾಗ್ಯವೇ.

ಆದರೆ ಬೂಟಿನ ದೃಶ್ಯ ಬಂತು. ಒಂದು ಬೂಟು ಕಾಣೆ ಅಂತ ಸರ್ ಹೆನ್ರಿ ಕೂಗಾಡುತ್ತಾನೆ. ನಾನು ಮಗಳ ಕಡೆ ನೋಡಿ ಸನ್ನೆ ಮಾಡಿದೆ, ಗಮನ ಇಡು ಅಂತ. ಅಷ್ಟರಲ್ಲಿ ಬೂಟಿನೊಳಗಿಂದ ಟರಾಂಟುಲಾ ಜೇಡ ಹೊರಗೆ ಬಂತು. ಕೂದಲು ಕೂದಲಿನ, ಅಂಗೈಯಷ್ಟು ದೊಡ್ಡ ಜೇಡ. ಅದು ಸರ್ ಹೆನ್ರಿಯ ಮೈಮೇಲೆ ನಿಧಾನಕ್ಕೆ ಹತ್ತುತ್ತದೆ, ಸಂಗೀತ ಏರುತ್ತದೆ, ಹೋಮ್ಸ್ ಕೋಲಿನಿಂದ ಅದನ್ನು ಮುಗಿಸುತ್ತಾನೆ.

"ಜೇಡ ಯಾಕೆ ಬಂತು?" ಅಂದರು ದೊಡ್ಡಪ್ಪ.

"ಸಿನಿಮಾದವರು ಹಾಕಿದ್ದು ದೊಡ್ಡಪ್ಪ."

"ಅದು ಸರಿ. ಮೆಟ್ಟು?"

ಮೆಟ್ಟಿನ ಮಾತು ಯಾರಿಗೆ ನೆನಪಿರುತ್ತದೆ? ಆ ಚಿತ್ರ ನೋಡಿದವರನ್ನು ಬೂಟಿನ ಬಗ್ಗೆ ಕೇಳಿ, ಜೇಡದ ಬಗ್ಗೆ ಹೇಳುತ್ತಾರೆ. ಸುಮ್ನೆ ಕೂತು ಯೋಚಿಸಬೇಕಾದ ಒಂದು ಜಾಗ ಇತ್ತು, ಅಲ್ಲಿ ನಮ್ಮನ್ನು ಕುಮಟಿ ಬೀಳಿಸಿ ಮುಂದೆ ಕಳಿಸಿಬಿಟ್ಟರು. ನನ್ನ ಬೇಸರ ಶುರುವಾದದ್ದು ಅಲ್ಲಿಂದ. ಆಮೇಲೆ ಅದು ಇಳಿಯಲೇ ಇಲ್ಲ.

ಸ್ಟೇಪಲ್‌ಟನ್ ವಿಷಯ ನೋಡಿ. ಪುಸ್ತಕದಲ್ಲಿ ಅವನು ಚಿಟ್ಟೆ ಹಿಡಿಯುವ ಬಲೆ ಹೊತ್ತು ತಿರುಗುವ ಸಾಧು ಮನುಷ್ಯ. ಮೂಡಿಗೆರೆ ಕಡೆಯವರಿಗೆ, ಅದರಲ್ಲೂ ‘ಕರ್ವಾಲೊ’ ಓದಿ ಬೆಳೆದವರಿಗೆ, ಹುಳ ಹುಡುಕಿಕೊಂಡು ಕಾಡು ಅಲೆಯುವವರ ಮೇಲೆ ಅನುಮಾನ ಬರುವುದುಂಟಾ? ಮಾತಾಡುತ್ತಾ ಮಾತಾಡುತ್ತಾ ಅವನು ಒಂದು ಹುಳದ ಹಿಂದೆ ಜೌಗಿನ ಕಡೆಗೇ ಓಡುತ್ತಾನೆ, ಹುಲ್ಲುಗಡ್ಡೆಯಿಂದ ಹುಲ್ಲುಗಡ್ಡೆಗೆ ನೆಗೆಯುತ್ತಾ. ಸ್ವಲ್ಪ ಹೊತ್ತಿನ ಹಿಂದೆ ಅಲ್ಲೇ ಒಂದು ಕುದುರೆಮರಿ ಕತ್ತು ಎತ್ತಿ ಎತ್ತಿ ಮುಳುಗಿದ್ದನ್ನು ವಾಟ್ಸನ್ ನೋಡಿರುತ್ತಾನೆ. ಈ ಮನುಷ್ಯ ಮಾತ್ರ ಮುಳುಗುವುದಿಲ್ಲ. ಕಾಲಿಡುವ ಜಾಗ ಅವನಿಗೆ ಗೊತ್ತು. ಹಡ್ಲು ದಾಟಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ನಮ್ಮಲ್ಲೂ ಆ ದಾರಿ ಗೊತ್ತಿದ್ದವರು ಊರಿಗೆ ಒಬ್ಬಿಬ್ಬರು ಇರುತ್ತಿದ್ದರು, ಎಮ್ಮೆ ಹೂತರೆ ಅವರನ್ನೇ ಕರೆಯಬೇಕು. ಸಿನಿಮಾ ಏನು ಮಾಡಿತು? ಹುಳದ ಹುಚ್ಚನ್ನು ಒಬ್ಬ ತಮಾಷೆಯ ಬಿಷಪ್‌ಗೆ ವರ್ಗಾಯಿಸಿತು. ಸ್ಟೇಪಲ್‌ಟನ್‌ಗೆ ಬೆರಳುಗಳ ನಡುವೆ ಚರ್ಮ ಕೂಡಿದ ಕೈ ಕೊಟ್ಟು ಸಿಡುಕನನ್ನಾಗಿ ಮಾಡಿತು. ನೋಡಿದ ಕೂಡಲೇ ಕಳ್ಳ.

ಆ ಹೆಣ್ಣಿಗೆ ಮಾಡಿದ್ದಂತೂ ಅನ್ಯಾಯ. ಬೆರಿಲ್‌ಳನ್ನು ಸ್ಟೇಪಲ್‌ಟನ್ ಎಲ್ಲರಿಗೂ ತಂಗಿ ಎಂದು ಪರಿಚಯಿಸುತ್ತಾನೆ, ನಿಜಕ್ಕೂ ಅವಳು ಅವನ ಹೆಂಡತಿ. ಏಟು ತಿನ್ನುತ್ತಾಳೆ. ಆದರೂ ಗಂಡನ ಕಣ್ಣು ತಪ್ಪಿಸಿ, ಉಗುರು ಕತ್ತರಿಯಿಂದ ಪದಗಳನ್ನು ಕತ್ತರಿಸಿ, ಗುರುತಿಲ್ಲದ ಸರ್ ಹೆನ್ರಿಯ ಜೀವ ಉಳಿಸಲು ಪತ್ರ ಕಳಿಸುತ್ತಾಳೆ. ಕೊನೆಯಲ್ಲಿ ಅವಳನ್ನು ಕಂಬಕ್ಕೆ ಕಟ್ಟಿಹಾಕಿದ್ದು ಕಾಣುತ್ತದೆ. ಸಿನಿಮಾದಲ್ಲಿ ಅವಳು ಸೆಸಿಲ್, ಸ್ಟೇಪಲ್‌ಟನ್‌ನ ಮಗಳು, ಸರ್ ಹೆನ್ರಿಯನ್ನು ಮರುಳು ಮಾಡಿ ಸಾವಿನ ಜಾಗಕ್ಕೆ ಕರೆದೊಯ್ಯುವ ಸುಂದರಿ. ಜೌಗಿನಲ್ಲಿ ಮುಳುಗಿ ಸಾಯುವುದೂ ಅವಳೇ. ಪತ್ರ ಬರೆದವಳನ್ನು ತೆಗೆದು ವಿಷಕನ್ಯೆಯನ್ನು ತಂದರು.

ಮಂಜಿನ ಬಗ್ಗೆ ಮಾತಾಡದೆ ಇರಲು ನಮ್ಮ ಕಡೆಯವರಿಗೆ ಆಗುವುದಿಲ್ಲ. ಸ್ಟುಡಿಯೊದ ಮಂಜು ನೆಲದಿಂದ ಏಳುತ್ತದೆ, ಪೂಜೆಮನೆಯ ಸಾಂಬ್ರಾಣಿ ಹಾಗೆ ಕಾಲ ಹತ್ತಿರ ಸುಳಿಯುತ್ತಾ ಇರುತ್ತದೆ. ಚಾರ್ಮಾಡಿಯಲ್ಲಿ ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಗೊತ್ತು, ಮಂಜು ಹಾಗೆ ಬರುವುದಿಲ್ಲ. ಗೋಡೆ ಹಾಗೆ ಬರುತ್ತದೆ. ಈಗ ಇದ್ದ ಮರ ಈಗ ಇಲ್ಲ. ಕಾದಂಬರಿಯ ಕೊನೆಯ ರಾತ್ರಿ ಡಾಯ್ಲ್ ಬರೆದ ಮಂಜು ಅಂಥದ್ದು. ಸರ್ ಹೆನ್ರಿಯನ್ನೇ ಎರೆ ಮಾಡಿ ಊಟಕ್ಕೆ ಕಳಿಸಿ, ಹೋಮ್ಸ್ ಬಂಡೆಗಳ ಹಿಂದೆ ಕಾಯುತ್ತಿದ್ದಾನೆ. ಆ ಹೊತ್ತಿಗೆ ಜೌಗಿನ ಮೇಲಿನ ಬಿಳಿ ಮಂಜು ಒಂದೇ ಸಮನೆ ದಾರಿಯ ಕಡೆ ಸರಿಯಲು ಶುರುವಾಗುತ್ತದೆ. ಅವನ ಲೆಕ್ಕವನ್ನು ಕೆಡಿಸಬಲ್ಲದ್ದು ಅದೊಂದೇ. ಮೊದಲು ತೋಟದ ಗೋಡೆ ಮುಚ್ಚಿತು, ಆಮೇಲೆ ಮರಗಳು, ಆಮೇಲೆ ಮನೆ. ಇವರು ಹಿಂದೆ ಹಿಂದೆ ಸರಿಯುತ್ತಾರೆ, ಇನ್ನೂ ಸರಿದರೆ ಸಹಾಯಕ್ಕೆ ಓಡಲು ಆಗದು. ಆಗ ಮಂಜಿನೊಳಗಿಂದ ಮೊದಲು ಕೇಳುವುದು ಕಾಲಿನ ಟಪಟಪ. ದೊಡ್ಡಪ್ಪ ಆ ಶಬ್ದವನ್ನು ಎರಡು ಬೆರಳಿನಲ್ಲಿ ಹಂಡೆಯ ಮೇಲೆ ಬಡಿಯುತ್ತಿದ್ದರು. ಸಿನಿಮಾದ ಕೊನೆ ನಡೆಯುವುದು ಪಾಳುಬಿದ್ದ ಮಠದ ಕಲ್ಲುಗಳ ನಡುವೆ. ಮಂಜಿಗೆ ಅಲ್ಲಿ ಕೆಲಸವೇ ಇಲ್ಲ, ಸುಮ್ಮನೆ ಬಂದು ನಿಂತಿದೆ.

ಆಮೇಲೆ ನಾಯಿ. ಹದಿನೈದು ಅಧ್ಯಾಯದ ಕಾದಂಬರಿಯಲ್ಲಿ ಅದು ಎದುರಿಗೆ ಬರುವುದು ಹದಿನಾಲ್ಕರಲ್ಲಿ. ಅಲ್ಲಿಯತನಕ ಬರೀ ಹೆಜ್ಜೆ, ಬರೀ ಊಳು. ಬಂದಾಗ ಬಾಯಿ, ಕಣ್ಣು ಎಲ್ಲ ಬೆಂಕಿ. ಅದು ರಂಜಕದ ಕೈಚಳಕ ಅಂತ ಆಮೇಲೆ ಗೊತ್ತಾಗುತ್ತದೆ. ನಮಗೆ ದೊಡ್ಡಪ್ಪ ರಂಜಕ ಅಂತೆಲ್ಲ ವಿವರಿಸಲಿಲ್ಲ. "ಕೊಳ್ಳಿದೆವ್ವ ನೋಡಿದೀರಲ್ಲ ಗದ್ದೆ ಆಚೆ, ಆ ಬಣ್ಣ" ಅಂದರು. ನಾವು ಯಾರೂ ನೋಡಿರಲಿಲ್ಲ, ಎಲ್ಲರೂ ನೋಡಿದ್ದೇವೆ ಎಂದು ತಲೆಯಾಡಿಸಿದೆವು. ಮಳೆಗಾಲದಲ್ಲಿ ಕೊಳೆತ ದಿಮ್ಮಿಯ ಮೇಲೆ ಅಣಬೆ ಕತ್ತಲಲ್ಲಿ ಹಸಿರಾಗಿ ಮಿಣುಕುವುದನ್ನು ನಾನು ಕಂಡದ್ದು ಎಷ್ಟೋ ವರ್ಷ ಆದಮೇಲೆ. ಆಗ ನೆನಪಾದದ್ದು ಅಣಬೆ ಶಾಸ್ತ್ರ ಅಲ್ಲ, ನಾಯಿ.

ಸಿನಿಮಾದ ನಾಯಿ ಒಂದು ಗ್ರೇಟ್ ಡೇನ್. ಮುಖಕ್ಕೆ ಏನೋ ಕಟ್ಟಿದ್ದಾರೆ. ಕತೆಯ ಪ್ರಕಾರವೂ ಅದು ಮುಖವಾಡವೇ, ಆದ್ದರಿಂದ ದೂರುವ ಹಾಗಿಲ್ಲ. ನೆಗೆಯಿತು, ಸ್ವಲ್ಪ ಗುರುಗುಟ್ಟಿತು, ಗುಂಡು ಬಿತ್ತು. ಮಗಳು ಮೊಬೈಲಿಗೆ ಕೈ ಹಾಕಿದ್ದಳು. ದೊಡ್ಡಪ್ಪ ಮುಂದಕ್ಕೆ ಬಾಗಿ ನೋಡಿ, "ನಾಯಿಗೆ ಮುಖವಾಡ ಕಟ್ಟಿದಾರೆ ಕಣೋ. ಪಾಪ, ಉಸಿರು ಕಟ್ಟಲ್ವಾ ಅದಕ್ಕೆ?" ಅಂದರು. ನೂರು ಜನ ವಿಮರ್ಶಕರು ಬರೆದರೂ ಇಷ್ಟು ಪೆಟ್ಟು ಬೀಳದು. ಬಾಸ್ಕರ್‌ವಿಲ್‌ನ ನಾಯಿಯನ್ನು ನೋಡಿ ಪಾಪ ಅನಿಸುವುದು!

ಮೂಲಕ್ಕೆ ನಿಷ್ಠೆ ಇರಲಿಲ್ಲ ಅನ್ನುವುದು ನನ್ನ ತಕರಾರಲ್ಲ. ಹಾಗಂದರೆ ದೊಡ್ಡಪ್ಪನಿಗೆ ಮೊದಲು ಶಿಕ್ಷೆ ಆಗಬೇಕು. 1962ರ ‘ಬೀಸ್ ಸಾಲ್ ಬಾದ್’ ಕೂಡ ಇದೇ ಕತೆಯ ಎಳೆ ಹಿಡಿದು ಮಾಡಿದ ಹಿಂದಿ ಚಿತ್ರ. ಬೀರೇನ್ ನಾಗ್ ನಿರ್ದೇಶನ, ಬಿಸ್ವಜಿತ್, ವಹೀದಾ ರೆಹಮಾನ್. ಅದರಲ್ಲಿ ನಾಯಿಯೇ ಇಲ್ಲ! ಹೋಮ್ಸೂ ಇಲ್ಲ. ಆಸ್ತಿಯ ಆಸೆ ಹೋಗಿ ಹಳೇ ಸೇಡು ಬಂದಿದೆ. ನಾಯಿಯ ಊಳಿನ ಜಾಗದಲ್ಲಿ ಕತ್ತಲೊಳಗಿಂದ ಲತಾ ಮಂಗೇಶ್ಕರ್ ದನಿ. ಹೇಮಂತ್ ಕುಮಾರ್ ಸಂಗೀತದ ‘ಕಹೀಂ ದೀಪ್ ಜಲೇ ಕಹೀಂ ದಿಲ್’ ಶುರುವಾದರೆ ಈಗಲೂ ನಾನು ಕಿಟಕಿ ಕಡೆ ನೋಡುತ್ತೇನೆ. ಪತ್ತೇದಾರಿಕೆ ಅಂತ ನೋಡಿದರೆ ಅದು ಸಾಧಾರಣ, ನಡುವಿನ ಹಾಸ್ಯವಂತೂ ತಡೆಯಲಾಗದು. ಆದರೆ ದೂರದಿಂದ ಏನೋ ಕೇಳುತ್ತಿದೆ, ಅದು ಏನು ಎಂದು ಗೊತ್ತಿಲ್ಲ ಎಂಬ ಭಯ ಅಲ್ಲಿ ಉಳಿದಿದೆ. ನಾಯಿಯನ್ನು ಬಿಟ್ಟವರಿಗೆ ಅದು ಸಿಕ್ಕಿತು. ನಾಯಿಯನ್ನು ಬಣ್ಣದಲ್ಲಿ ತೋರಿಸಿದವರಿಗೆ ಸಿಗಲಿಲ್ಲ.

ಈ ಸಿನಿಮಾಗಳನ್ನು ಮಾಡುವವರ ಕಷ್ಟ ನನಗೆ ಅರ್ಥ ಆಗುವುದಿಲ್ಲ ಎಂದಲ್ಲ. ಪತ್ತೇದಾರ ಪುರುಷೋತ್ತಮನ ಕಾದಂಬರಿಯನ್ನು ಬಸ್ಸಿನಲ್ಲಿ ಓದಿ ಮುಗಿಸುತ್ತಿದ್ದ ಕಾಲದವರಿಗೂ ಗೊತ್ತಿತ್ತು, ಓದುಗ ಬೇಕಾದರೆ ಪುಟ ಹಿಂದೆ ತಿರುವಿ ಬೂಟಿನ ಮಾತು ಮತ್ತೆ ನೋಡಬಹುದು. ಟಾಕೀಸಿನಲ್ಲಿ ಕೂತವನು ಹಿಂದೆ ತಿರುಗುವ ಹಾಗಿಲ್ಲ. ಒಂದೂವರೆ ಗಂಟೆಯೊಳಗೆ ಅವನನ್ನು ಹಿಡಿದಿಡಬೇಕು. ಅದಕ್ಕೇ ಜೇಡ. ಆದರೆ ಬಚ್ಚಲೊಲೆ ಮುಂದೆ ಕೂತ ನಾವೂ ಪುಟ ತಿರುವುವ ಹಾಗಿರಲಿಲ್ಲವಲ್ಲ. ದೊಡ್ಡಪ್ಪ ಹೊಸ ಮೆಟ್ಟಿನ ವಿಷಯ ಹೇಳಿ, ಹಳೇ ಮೆಟ್ಟಿನ ವಿಷಯ ಹೇಳಿ, ಏನೂ ಆಗದವರಂತೆ ಬಾಗಿಲ ಹತ್ತಿರ ಮಲಗಿದ್ದ ಕರಿಯನ ಕಡೆ ಒಮ್ಮೆ ನೋಡುತ್ತಿದ್ದರು. ಅಷ್ಟೇ. ನಾವೂ ನೋಡುತ್ತಿದ್ದೆವು. ಕರಿಯನ ತಲೆ ಕೆಳಗೆ ಅವರ ಮೆಟ್ಟು. ನಾವು ನೋಡುತ್ತಿದ್ದೆವು, ನಮಗೆ ಕಾಣುತ್ತಿರಲಿಲ್ಲ.

ಸಿನಿಮಾ ಮುಗಿದ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಇನ್ವರ್ಟರು ಆ ವಾರ ಕೈಕೊಟ್ಟಿತ್ತು. ಮಗಳು ಟಾರ್ಚ್ ಹಚ್ಚಿ, "ಇಷ್ಟೇನಾ ಅಪ್ಪಾ ನೀವು ಹೆದರ್ತಿದ್ದ ಕತೆ?" ಅಂದಳು. ನಾನು ಉತ್ತರ ಹುಡುಕುತ್ತಿದ್ದೆ. ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದ ದೊಡ್ಡಪ್ಪ ಅಲ್ಲಿಂದಲೇ ಶುರು ಮಾಡಿದರು.

"ದೇವರಮನೆ ಗುಡ್ಡದ ಆಚೆ ಒಂದು ದೊಡ್ಡ ತೋಟ ಇತ್ತು ಪುಟ್ಟಿ."

ಯಜಮಾನರು, ಸಿಗಾರ್, ಎರಡು ಸಲ ಉದುರಿದ ಬೂದಿ. ಯಾರಿಗೋ ಕಾಯುತ್ತಾ ಗೇಟಿನ ಹತ್ತಿರ ಹತ್ತು ನಿಮಿಷ ನಿಂತಿದ್ದಾರೆ, ಯಾರಿ­ಗೆ? ಅವಳು ಈಗಷ್ಟೇ ಸಿನಿಮಾ ನೋಡಿದವಳು. ಕೊಲೆಗಾರ ಯಾರು ಗೊತ್ತು, ನಾಯಿಗೆ ಮುಖವಾಡ ಕಟ್ಟಿದ್ದೂ ಗೊತ್ತು. ಆದರೂ ಮೊಬೈಲು ಕೆಳಗಿಟ್ಟಳು.

"ಸ್ವಲ್ಪ ದೂರದಲ್ಲಿ ಹೆಜ್ಜೆ ಗುರುತು ಇತ್ತು."

ಆಮೇಲೆ ದೊಡ್ಡಪ್ಪ ಸುಮ್ಮನಾದರು. ಹೆಂಚಿನ ಮೇಲೆ ಮಳೆ. ಈಚೆಗೆ ಅವರಿಗೆ ಮಾತಿನ ನಡುವೆ ಮರೆವು ಬರುತ್ತದೆ, ಎಲ್ಲಿದ್ದೆ ಎಂದು ನಮ್ಮನ್ನೇ ಕೇಳುತ್ತಾರೆ. ಮರೆತರೋ, ಬೇಕಂತಲೇ ನಿಲ್ಲಿಸಿದರೋ ನನಗೆ ತಿಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೇಳಿದಳು.

"ಯಾರದ್ದು ದೊಡ್ಡಜ್ಜ? ಗಂಡಸಿಂದಾ, ಹೆಂಗಸಿಂದಾ?"

ಅವರು ಟಾರ್ಚಿನ ಬೆಳಕಿಗೆ ಅಂಗೈ ಹಿಡಿದರು. ಬೆರಳುಗಳು ಈಗ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಗೋಡೆಯ ಮೇಲೆ ಅದರ ನೆರಳು ಬಾಗಿಲಿನಷ್ಟು ದೊಡ್ಡದಾಗಿ ಬಿತ್ತು.

"ಇಷ್ಟಗಲ" ಅಂದರು.